ಕರೆಯದ ಕಲ್ಲು

ಸೋಗೆಕೋಟೆಯ ಬಡಗಣ ದಿಕ್ಕಿಗೆ ಗರಗಸದ ಹಲ್ಲಿನಂತೆ ಹಬ್ಬಿದ ಬೆಟ್ಟಸಾಲಿನ ತುತ್ತತುದಿಯಲ್ಲಿ ಒಂದು ಹಾಸುಬಂಡೆಯಿದೆ. ನಕ್ಷೆಯಲ್ಲಿ ಅದನ್ನು ‘ಕರಿಕಲ್ಲು’ ಎಂದು ಬರೆದಿದ್ದಾರೆ. ಹತ್ತಿ ನೋಡಿದವರಿಗೆ ಅಲ್ಲಿ ಕರಿಯ ಕಲ್ಲು ಒಂದೂ ಸಿಕ್ಕುವುದಿಲ್ಲ. ಬಂಡೆ ಹಳೆಯ ಹೆಂಚಿನ ಬಣ್ಣದ್ದು. ಸುತ್ತಿನ ಹಟ್ಟಿಗಳವರ ಬಾಯಲ್ಲಿ ಅದು ‘ಕರೆಯದ ಕಲ್ಲು’. ಫಾಲ್ಗುಣದ ಬಿಸಿಲು ಏರಿದಂತೆ, ಚಳಿಗಾಲ ಕಳೆಯಲು ತೆಂಕಣಕ್ಕೆ ಹೋಗಿದ್ದ ಹದ್ದು, ಗಿಡುಗಗಳೆಲ್ಲ ಈ ಸಾಲನ್ನೇ ದಾರಿ ಮಾಡಿಕೊಂಡು ಬಡಗಣಕ್ಕೆ ಮರಳುತ್ತವೆ. ಕಣಿವೆಯಿಂದ ಬಿಸಿಗಾಳಿ ಏಳುವಲ್ಲಿ ಸುತ್ತುಹಾಕುತ್ತ, ಎಳ್ಳುಕಾಳಿನಷ್ಟು ಕಾಣುವವರೆಗೆ ಮೇಲೇರಿ, ಅಲ್ಲಿಂದ ರೆಕ್ಕೆ ಬಡಿಯದೆ ಜಾರಿಹೋಗುತ್ತವೆ. ಅದನ್ನು ನೋಡಲು ಬಂದವರಿಗೆ ಹಟ್ಟಿಯ ಹಿರಿಯರು ಬಂಡೆಯ ಹೆಸರಿನ ಹಿಂದಿನ ಸಂಗತಿಯನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ಕೊಂಡಪ್ಪನಾಯಕನೆಂಬ ಪಾಳೆಯಗಾರ ಸೋಗೆಕೋಟೆಯನ್ನು ಆಳುತ್ತಿದ್ದಾಗ, ಅವನ ಬೇಟೆಯ ಹಕ್ಕಿಗಳನ್ನು ಪಳಗಿಸಲು ಕಾಟಯ್ಯನೆಂಬವನು ಇದ್ದನಂತೆ. ಆಶ್ವಯುಜದಲ್ಲಿ ಬಲೆಗೆ ಬಿದ್ದ ಹಕ್ಕಿಯನ್ನು ಚಳಿಗಾಲವೆಲ್ಲ ದುಡಿಸಿಕೊಂಡು ಫಾಲ್ಗುಣದಲ್ಲಿ ಇದೇ ಬಂಡೆಯ ಮೇಲಿಂದ ಗಾಳಿಗೆ ಬಿಟ್ಟುಬಿಡುವುದು ಅವನ ಮನೆತನದ ಕಟ್ಟಳೆಯಾಗಿತ್ತು. ಆ ವರ್ಷ ಅವನ ಕೈಗೆ ಒಂದು ಹೆಣ್ಣು ಸಾಳುವ ಸಿಕ್ಕಿತ್ತು. ಸಾಳುವವೆಂದರೆ ಮೊಲವನ್ನೇ ಎತ್ತಬಲ್ಲ ದೊಡ್ಡ ಗಿಡುಗ. ಅದರ ಕಾಲಿಗೆ ಕಾಟಯ್ಯ ಕೆಂಪು ತೊಗಲಿನ ಪಟ್ಟಿ ಕಟ್ಟಿದ್ದ. ಅವನು ನಾಲಗೆ ಮಡಚಿ ಹಾಕುವ ಒಂದು ಶಿಳ್ಳೆಗೆ ಅದು ಮುಗಿಲಿನಿಂದ ಕಲ್ಲಿನಂತೆ ಬಿದ್ದು ಅವನ ಮುಂಗೈ ಮೇಲೆ ಕೂರುತ್ತಿತ್ತು. ಹೋಳಿ ಹುಣ್ಣಿಮೆ ಕಳೆಯಿತೋ ಇಲ್ಲವೋ, ಸಾಳುವ ಮಾಂಸ ಮುಟ್ಟುವುದನ್ನು ಬಿಟ್ಟಿತು. ಕೂತ ಕೋಲಿನ ಮೇಲೆ ಅತ್ತಿಂದಿತ್ತ ನಡೆಯುವುದು, ಬಡಗಣಕ್ಕೆ ಮುಖ ಮಾಡಿ ರೆಕ್ಕೆ ಬಡಿಯುವುದು, ಎದೆಯ ಗರಿ ಉದುರಿಸಿಕೊಳ್ಳುವುದು. ಕಾಟಯ್ಯ ನಾಯಕನ ಮುಂದೆ ನಿಂತು, “ಬುದ್ಧಿ, ಹಕ್ಕಿಗೆ ದಾರಿಯ ಹುಚ್ಚು ಹತ್ತಿದೆ. ಇನ್ನು ಅದನ್ನು ಹಿಡಿದಿಡಬಾರದು” ಎಂದ. ಆದರೆ ಯುಗಾದಿಯ ದಿನ ಆ ಹಕ್ಕಿಯನ್ನು ಮೇಲಿನ ದೊರೆಗೆ ಕಾಣಿಕೆ ಒಪ್ಪಿಸುತ್ತೇನೆಂದು ನಾಯಕ ಮಾತು ಕೊಟ್ಟಾಗಿತ್ತು. “ಕಟ್ಟಳೆ ನಮ್ಮಪ್ಪನ ಕಾಲಕ್ಕೆ ಮುಗಿಯಿತು. ಹಕ್ಕಿಯನ್ನು ಇಟ್ಟುಕೋ” ಎಂದುಬಿಟ್ಟ.

ಯುಗಾದಿಗೆ ಐದು ದಿನವಿರುವಾಗ, ಕಾಣಿಕೆಯ ಹಕ್ಕಿಯನ್ನು ತನ್ನ ಕೈಯಿಂದಲೇ ಹಾರಿಸಿ ನೋಡಬೇಕೆಂದು ನಾಯಕ ಕಾಟಯ್ಯನೊಡನೆ ಗುಡ್ಡ ಹತ್ತಿ ಈ ಬಂಡೆಗೆ ಬಂದ. ಅಂದು ಬೆಳಗಿನಿಂದಲೇ ಹಕ್ಕಿಗಳ ದಂಡು ಸಾಲಿನ ಮೇಲೆ ಹಾದುಹೋಗುತ್ತಿತ್ತು. ಇವತ್ತು ಬೇಡ, ಗಾಳಿ ಎಳೆಯುತ್ತಿದೆ ಎಂದು ಕಾಟಯ್ಯ ಎರಡು ಸಲ ಕೈಮುಗಿದ. ನಾಯಕ ಕೇಳಲಿಲ್ಲ. ಪೊದೆಯಿಂದ ಗೌಜಲ ಹಕ್ಕಿ ಎದ್ದೊಡನೆ ಸಾಳುವವನ್ನು ಎಸೆದ. ಅದು ಗೌಜಲಿನ ಕಡೆ ತಿರುಗಿಯೂ ನೋಡದೆ ಬಿಸಿಗಾಳಿಗೆ ಎದೆಯೊಡ್ಡಿ ಸುತ್ತು ಸುತ್ತಾಗಿ ಏರಿತು. ಮೇಲಿನ ದಂಡಿನೊಳಗೆ ಅದು ಯಾವುದೆಂದು ಗುರುತು ಸಿಕ್ಕದಾಯಿತು. ಕಾಟಯ್ಯ ತುಟಿ ಒಡೆಯುವವರೆಗೆ ಶಿಳ್ಳೆ ಹಾಕಿದ. ಇಳಿಹೊತ್ತಿಗೆ ನಾಯಕ ಎದ್ದು ಹೇಳಿದ್ದು ಒಂದೇ ಮಾತು: “ಹಕ್ಕಿ ಬಂದಮೇಲೆ ನೀನು ಇಳಿದು ಬಾ.”

ಹೀಗೆ ಕಾಟಯ್ಯ ಬಂಡೆಯ ಮೇಲೆ ಉಳಿದ. ಕೋಟೆಯ ದಿಡ್ಡಿಬಾಗಿಲ ಕಾವಲಿನವರು ಕೆಳಗಿನ ದಾರಿ ಕಾದರು. ಅವನ ಹೆಂಡತಿ ದುರುಗವ್ವ ದಿನಕ್ಕೊಮ್ಮೆ ಅಂಬಲಿಯ ಗಡಿಗೆ ಹೊತ್ತು ಬರಬಹುದಿತ್ತು, ಅಷ್ಟೇ. ಮೊದಲ ತಿಂಗಳು ಅವನು ದಿನವೂ ಕರೆದ. ಬೇಸಿಗೆ ಕಳೆದು ಮುಂಗಾರು ಬಂತು, ಬಂಡೆಯ ಮರೆಗೆ ದುರುಗವ್ವ ಬಾದೆಹುಲ್ಲಿನ ಗೂಡು ಕಟ್ಟಿಕೊಟ್ಟಳು. ಕೂತಲ್ಲಿ ಕೂರಲಾರದೆ ಅವನು ಬಂಡೆಯ ಅಂಚಿನುದ್ದಕ್ಕೂ ಹೋಗಿ ಬರತೊಡಗಿದ. ಊಟ ಸೇರುತ್ತಿರಲಿಲ್ಲ. ನಿದ್ದೆಯಲ್ಲಿ ಕಾಲು ಒದೆಯುತ್ತಿದ್ದ. ಆಶ್ವಯುಜದಲ್ಲಿ ಹಕ್ಕಿಗಳು ಚದುರಿಕೊಂಡು ತೆಂಕಣಕ್ಕೆ ಇಳಿದವು. ಕೆಂಪು ಪಟ್ಟಿ ಕಾಣಲಿಲ್ಲ. ಇತ್ತ ಕಾಣಿಕೆ ತಪ್ಪಿಸಿದ್ದಕ್ಕೆ ಮೇಲಿನ ದೊರೆ ನಾಯಕನ ಎರಡು ಹಳ್ಳಿಗಳನ್ನು ಕಿತ್ತುಕೊಂಡನೆಂದು ಸುದ್ದಿಯಾಯಿತು. ಇನ್ನು ಕಾಟಯ್ಯನನ್ನು ಬಿಟ್ಟುಬಿಡಿ ಎಂದು ಕೇಳುವ ಎದೆ ಯಾರಿಗೂ ಇರಲಿಲ್ಲ.

ಮತ್ತೆ ಫಾಲ್ಗುಣ ಬಂತು. ಒಂದು ಸಂಜೆ ಎದುರುಗಾಳಿ ಬೀಸಿ ಹಕ್ಕಿಗಳೆಲ್ಲ ಸಾಲಿನ ಮೇಲೆಯೇ ಇಳಿದು ತಂಗಿದವು. ಬೆಳಗಾದಾಗ, ಗಾಳಿ ಇನ್ನೂ ಬಿಸಿಯೇರದ ಹೊತ್ತಿನಲ್ಲಿ, ಕಾಟಯ್ಯನಿಂದ ಇಪ್ಪತ್ತು ಮಾರು ದೂರದ ಗುಂಡುಕಲ್ಲಿನ ಮೇಲೆ ಸಾಳುವ ಕೂತಿತ್ತು. ಕಾಲಿನ ಪಟ್ಟಿ ಮಾಸಿತ್ತು, ಆದರೂ ಕೆಂಪೇ. ದುರುಗವ್ವ ಆಗಷ್ಟೇ ಮೇಲೆ ಬಂದವಳು ಗಡಿಗೆ ಇಳಿಸದೆ ನಿಂತಲ್ಲೇ ನಿಂತಳು. ಕಾಟಯ್ಯ ಮುಂಗೈ ಚಾಚಿದ. ಸಾಳುವ ಕತ್ತು ವಾಲಿಸಿ ಆ ಮುಂಗೈಯನ್ನು ನೋಡಿತು. ಹಾರುವ ಮೊದಲು ಮಾಡುವಂತೆ ಒಂದು ಹೆಜ್ಜೆ ಮುಂದಿಟ್ಟು ಮೈ ಬಗ್ಗಿಸಿತು. ಶಿಳ್ಳೆಯೊಂದೇ ಬಾಕಿ. ಅವನು ನಾಲಗೆ ಮಡಚಿದ. ಹಕ್ಕಿಯ ಎದೆಗರಿಗಳು ನಡುಗುತ್ತಿದ್ದವು. ಅವನು ಬಾಯಿ ಮುಚ್ಚಿ ಕೈಯನ್ನು ಕೆಳಗಿಳಿಸಿದ. ಬಿಸಿಲು ಬಂಡೆಗೆ ತಾಗಿ ಗಾಳಿ ಎದ್ದಿತು. ಸಾಳುವ ಬಡಗಣಕ್ಕೆ ಹೋಯಿತು.

“ಒಂದು ವರ್ಷ ಈ ಗುಡ್ಡ ಹತ್ತೀನಿ,” ಎಂದಳು ದುರುಗವ್ವ, ಗಡಿಗೆ ಇಳಿಸುತ್ತ. “ನನ್ನ ಮಂಡೀನಾದರೂ ಒಂದು ಮಾತು ಕೇಳಬೇಕಿತ್ತು.”

“ಕರೆದಿದ್ರೆ ಬರ್ತಿತ್ತು, ದುರುಗಿ,” ಎಂದ ಕಾಟಯ್ಯ. “ಅದಕ್ಕೇ ಕರೀಲಿಲ್ಲ.”

ಅಂದೇ ಅವನು ಗುಡ್ಡ ಇಳಿದು, ಹಕ್ಕಿ ಬಂದಿದೆಯೆಂದು ಕಾವಲಿನವರಿಗೆ ಹೇಳಿ, ನೆಟ್ಟಗೆ ನಾಯಕನ ಚಾವಡಿಗೆ ನಡೆದ. “ಹಕ್ಕಿ ಬಂತು, ಬುದ್ಧಿ. ನಾನು ಕರೆಯಲಿಲ್ಲ” ಎಂದ. ಸುಳ್ಳು ಹೇಳಿದ್ದರೆ ಹಿಡಿಯುವವರು ಯಾರೂ ಇರಲಿಲ್ಲ. ನಾಯಕ ತನ್ನ ಬರಿಗೈಯನ್ನೇ ನೋಡುತ್ತ ಕೂತಿದ್ದ. ಕೊನೆಗೆ, ಹೊತ್ತು ಮುಳುಗುವುದರೊಳಗೆ ತನ್ನ ಸೀಮೆ ದಾಟಬೇಕೆಂದು ಅಪ್ಪಣೆ ಮಾಡಿದ. ತಲೆ ಉಳಿಸಿದ್ದೇ ಹೆಚ್ಚೆಂದು ಕೆಲವರು, ನಾಯಕನಿಗೆ ಶಿಕ್ಷೆ ಕೊಡುವ ಮನಸ್ಸೇ ಇರಲಿಲ್ಲವೆಂದು ಕೆಲವರು. ಕಾಟಯ್ಯ ಗುಡಿಸಲಿನ ಬಾಗಿಲಿಗೆ ಬಂದಾಗ ದುರುಗವ್ವ ಗಂಟು ಕಟ್ಟಿಯಾಗಿತ್ತು. ಎತ್ತ ಹೋಗೋಣವೆಂದು ಅವನು ಕೇಳುವಷ್ಟರಲ್ಲಿ ಅವಳು ಬಡಗಣ ದಾರಿ ಹಿಡಿದಿದ್ದಳು. ಅವರು ಎಲ್ಲಿ ನೆಲೆ ನಿಂತರೋ, ನಿಂತರೋ ಇಲ್ಲವೋ, ತಿಳಿದವರಿಲ್ಲ. ಕೊಂಡಪ್ಪನಾಯಕ ಮತ್ತೆ ಹಕ್ಕಿ ಹಿಡಿಸಲಿಲ್ಲ ಎನ್ನುತ್ತಾರೆ.

ಇಂದು ಮೇಲೆ ಹೋದವರಿಗೆ ಗುಡಿಯಾಗಲಿ ಶಾಸನವಾಗಲಿ ಕಾಣುವುದಿಲ್ಲ. ಬಂಡೆಯ ಅಂಚಿನುದ್ದಕ್ಕೂ ಒಂದಾಳು ನಡೆಯುವಷ್ಟು ಅಗಲಕ್ಕೆ ಸವೆದ ಪಟ್ಟೆಯೊಂದಿದೆ. ಮಳೆನೀರು ಹರಿದು ಆದದ್ದೂ ಇರಬಹುದು. ಫಾಲ್ಗುಣದಲ್ಲಿ ಹಕ್ಕಿಗಳು ದಾಟುವ ಹದಿನೈದು ಇಪ್ಪತ್ತು ದಿನ ಆ ಸಾಲಿನ ಮೇಲೆ ಯಾರೂ ಶಿಳ್ಳೆ ಹಾಕುವುದಿಲ್ಲ. ವರ್ಷವೆಲ್ಲ ಶಿಳ್ಳೆಯಿಂದಲೇ ಆಡು ತಿರುಗಿಸುವ ಹಟ್ಟಿಯವರು, ಆ ದಿನಗಳಲ್ಲಿ ಮಡಿಲ ತುಂಬ ಹರಳುಕಲ್ಲು ಕಟ್ಟಿಕೊಂಡು ಬಂದು, ದಾರಿ ತಪ್ಪಿದ ಆಡಿನ ಮುಂದೆ ಒಂದೊಂದಾಗಿ ಎಸೆಯುತ್ತ, ಮಾತಿಲ್ಲದೆ ಮೇಯಿಸುತ್ತಾರೆ.