ಓ ಅನ್ನದವರು ಗೈರು

ಕಿವಿ ಕೇಳದ ಮಕ್ಕಳಿಗೆ ಶ್ರವಣಯಂತ್ರ ಹಂಚುವ ದಿನ. ಹೆತ್ತವರನ್ನೆಲ್ಲ ಹೊರಗೆ ನಿಲ್ಲಿಸಿದ ಅಧಿಕಾರಿ ಪರಮೇಶ್ವರಪ್ಪನವರು ಪಟ್ಟಿಯಿಂದ ತಲೆ ಎತ್ತದೆ ಹೆಸರು ಕೂಗಿದರು.

"ಮುಬೀನಾ! ಮುಬೀನಾ! ಮುಬೀನಾ!"

ಮುಂದಿನ ಬೆಂಚಿನಲ್ಲೇ ಕೂತಿದ್ದ ಹುಡುಗಿ ಮಿಸುಕಲಿಲ್ಲ. ಸಾಹೇಬರು ಗೈರು ಹಾಕಿ, "ಇವಳ ಯಂತ್ರ ವಾಪಸ್ ಕಳಿಸಿ" ಎಂದರು.

ಅಟೆಂಡರ್ ಸಣ್ಣೀರಮ್ಮನಿಗೆ ಮೈ ಉರಿಯಿತು. ಕಿವಿ ಕೇಳದ ಮಗುವನ್ನು ಕೂಗಿ ಕರೆಯುವುದಂತೆ!

"ಸಾರ್, ಮಗು ಇಲ್ಲೇ ಕೂತೈತೆ."

"ಮೂರು ಸಲ ಕೂಗಿದ್ದೀನಿ. ಓ ಅನ್ನದವರು ಬಂದಿಲ್ಲ ಅಂತಲೇ ಲೆಕ್ಕ. ಹೋಗಿ ಕಾಫಿ ತಾ."

ತಂದಳು. ಸಾಹೇಬರ ಬೆನ್ನ ಹಿಂದೆ ನಿಂತು, ದನಿಯೇ ಹೊರಡದಂತೆ ಮೂರು ಸಲ ತುಟಿ ಆಡಿಸಿದಳು. ಆಮೇಲೆ ಅವರೆದುರಿಗೇ ಬಂದು ಕಾಫಿಯನ್ನು ತಾನೇ ಗಟಗಟ ಕುಡಿದಳು.

"ಏಯ್, ಅದು ನನ್ನ ಕಾಫಿ!"

"ಮೂರು ಸಲ ಕರೆದೆ ಸಾರ್. ನೀವು ಓ ಅನ್ನಲಿಲ್ಲ. ಬಂದಿಲ್ಲ ಅಂದ್ಕೊಂಡೆ."

"ನನಗೆ ಕೇಳಿಸಲೇ ಇಲ್ವಲ್ಲ!"

"ಆ ಮಗೂಗೂ ಕೇಳಿಸಲಿಲ್ಲ ಸಾರ್. ಕೇಳಿಸೋ ಹಾಗಿದ್ದಿದ್ರೆ ನಿಮ್ಮ ಬಾಗಿಲಿಗೆ ಯಾಕೆ ಬರ್ತಿತ್ತು?"

ಸಾಹೇಬರ ಮುಖ ಕೆಂಪಾಯಿತು. ಪಟ್ಟಿಯಲ್ಲಿ ಹಾಕಿದ್ದ ಗೈರನ್ನು ಹೊಡೆದುಹಾಕಿದರು. ಯಂತ್ರ ಮುಬೀನಾಳ ಕಿವಿ ಸೇರಿದ ಮೇಲೆಯೇ ಸಣ್ಣೀರಮ್ಮ ಎರಡನೇ ಕಾಫಿಗೆ ಹೊರಟಳು.