ನಳದಲ್ಲಿ ಭಂಡಾರ ಬಂದ ದಿನ

“ನೀರಿನ ಟ್ಯಾಂಕಿಗೆ ಹೋಗೋ ದಾರಿ ಯಾವುದು ಅಜ್ಜಿ?”

ಪಂಕಜಾಕ್ಷಿ ಆ ಮುಂಜಾನೆ ಈ ಪ್ರಶ್ನೆ ಕೇಳುತ್ತಿದ್ದುದು ನಾಲ್ಕನೆಯ ಸಲ. ಚಹಾದಂಗಡಿಯವನು ಎಡಕ್ಕೆ ಕೈ ತೋರಿಸಿದ್ದ, ಬಳೆಗಾರ್ತಿ ಬಲಕ್ಕೆ ತೋರಿಸಿದ್ದಳು, ಹಾಲಿನವನು ಸುಮ್ಮನೆ ಮೇಲಕ್ಕೆ ತೋರಿಸಿ ಸೈಕಲ್ ಹತ್ತಿ ಹೋಗಿಬಿಟ್ಟಿದ್ದ. ಟ್ಯಾಂಕು ಮೇಲೆಯೇ ಇರುತ್ತದೆ, ಸುಳ್ಳಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ ಬಂದ ಮೈ, ಹೆಗಲಲ್ಲಿ ಸೀಸೆಗಳ ಚೀಲ. ಸೋಗಿಹಾಳವೆಂಬ ಆ ಪುಟ್ಟ ಊರಿನ ಓಣಿಗಳು ಬಿಡಿಸಿ ಎಸೆದ ನೂಲಿನಂತೆ ಒಂದರೊಳಗೊಂದು ಸಿಕ್ಕಿಕೊಂಡಿದ್ದವು.

ತಗ್ಗು ಬಾಗಿಲಿನ ಮನೆಯೊಂದರ ಮುಂದೆ ಒಬ್ಬ ವೃದ್ಧೆ ಕುಕ್ಕರುಗಾಲಲ್ಲಿ ಕೂತು, ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ತಿಕ್ಕುತ್ತಿದ್ದರು. ಅವರು ತಲೆ ಎತ್ತಿ ಅವಳನ್ನೂ ಚೀಲವನ್ನೂ ನೋಡಿದರು.

“ದಾರಿ ತಪ್ಪಿದಿ ತಂಗಿ. ಹಿಂದಕ್ಕ ಹೋಗಿ ಬೇವಿನ ಗಿಡದ ಹಂತ್ಯಾಕ ಏರಬೇಕು. ಮೊದಲ ಒಂದೀಟು ಕೂಡು, ಮುಖ ಬಾಡೇತಿ.”

ಕೂಡದೆ ವಿಧಿಯಿರಲಿಲ್ಲ. ಅಜ್ಜಿ ಒಳಗೆ ಹೋಗಿ ಒಂದು ಅಂಗೈಯಲ್ಲಿ ಬೆಲ್ಲದ ಚೂರು, ಇನ್ನೊಂದು ಕೈಯಲ್ಲಿ ತಂಬಿಗೆ ತುಂಬ ನೀರು ತಂದರು. ಆ ಸೀಮೆಯಲ್ಲಿ ಹೊಸ್ತಿಲಿಗೆ ಬಂದವರು ಯಾರೇ ಆಗಲಿ, ಬೆಲ್ಲ ನೀರು ಕೊಟ್ಟ ಮೇಲೆಯೇ ಹೆಸರು ಕೇಳುವುದು.

ಪಂಕಜಾಕ್ಷಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ತಂಬಿಗೆಯನ್ನು ಮೆಲ್ಲಗೆ ಆಚೆಗೆ ಸರಿಸಿದಳು.

“ಬೇಜಾರು ಮಾಡ್ಕೋಬೇಡಿ ಅಜ್ಜಿ. ಊರೂರಿನ ನಳದ ನೀರು ಪರೀಕ್ಷೆ ಮಾಡೋದೇ ನನ್ನ ಕೆಲಸ. ಪರೀಕ್ಷೆ ಮುಗಿಯೋವರೆಗೂ ಯಾವೂರ ನೀರನ್ನೂ ಕುಡಿಯೋಳಲ್ಲ.”

ಹತ್ತೊಂಬತ್ತು ವರ್ಷಗಳಿಂದ ಅವಳು ಈ ನೇಮ ಮುರಿದಿರಲಿಲ್ಲ. ಭೋಪಾಲದಲ್ಲಿ ಒಬ್ಬ ಅಧ್ಯಕ್ಷರು ಸಿಟ್ಟಾಗಿದ್ದರು, ಗುಂಟೂರಿನಲ್ಲಿ ಒಂದು ಮದುವೆಮನೆಯೇ ಮುನಿಸಿಕೊಂಡಿತ್ತು. ಈ ಅಜ್ಜಿ ಮಾತ್ರ ನಕ್ಕುಬಿಟ್ಟರು.

“ಬೆಲ್ಲ ತಿಂದಿ, ನೀರು ಬಿಟ್ಟಿ. ಆಗಲೇಳು. ಒಂದು ತಂಬಿಗಿ ನೀರು ನಿನ್ನ ಮ್ಯಾಲ ಬಾಕಿ ಉಳೀತು. ತೀರಿಸಾಕ ಬಾ.”

ಸಾಲ ಬಾಕಿ ಹೊರಿಸಿಕೊಂಡು ಪಂಕಜಾಕ್ಷಿ ಬೇವಿನ ಮರದ ಕಡೆ ಹೊರಟಳು. ತಾನು ದಾರಿ ಕೇಳಿದ್ದು ಯಾರನ್ನು ಎಂಬುದು ಅವಳಿಗೆ ತಿಳಿದಿರಲಿಲ್ಲ. ಸೋಗಿಹಾಳದ ಸುತ್ತ ಮೂವತ್ತು ಹಳ್ಳಿಗಳ ಜನ ಯಾರ ಹೆಸರು ಹೇಳಿ ಬೀಜ ಬಿತ್ತುತ್ತಿದ್ದರೋ, ಎಂದೂ ಗದ್ದುಗೆಯ ಮೇಲೆ ಕೂಡದೆ ತಮ್ಮ ಮಠದ ಪಾತ್ರೆಗಳನ್ನು ತಾವೇ ತಿಕ್ಕುತ್ತಿದ್ದರೋ, ಆ ಮಾತೋಶ್ರೀ ನಿಂಬೆವ್ವ ತಾಯಿಯವರು ಅವರೇ. ಆ ತಗ್ಗು ಬಾಗಿಲು ಮಠದ್ದೇ ಹಿಂಬಾಗಿಲು.

ಆ ಊರಿನ ಕೆಳಗಿನ ಓಣಿಯಲ್ಲಿ ಒಂದೇ ತಿಂಗಳಿಗೆ ಹದಿನಾಲ್ಕು ಜನರಿಗೆ ಕಾಮಾಲೆ ಬಂದಿತ್ತು. ಪಂಕಜಾಕ್ಷಿ ಬಂದಿದ್ದು ಅದಕ್ಕಾಗಿ. ಊರಿಗೆ ನೀರು ಬಿಡುತ್ತಿದ್ದುದು ದಿನಕ್ಕೊಂದು ತಾಸು, ಬೆಳಗಿನ ಆರೂವರೆಯಿಂದ ಏಳೂವರೆ. ಆ ತಾಸಿನೊಳಗೆ ಅವಳು ಟ್ಯಾಂಕಿನಿಂದ ಶುರುಮಾಡಿ ಮೇಲಿನ ಓಣಿಯಲ್ಲಿ ಸೀಸೆ ತುಂಬಿಸುತ್ತ ಇಳಿದಳು. ಪ್ರತಿ ಮನೆಯ ಮುಂದೂ ಒಂದು ಕುಣಿ, ಕುಣಿಯ ತಳದಲ್ಲಿ ನಳ. ನೀರಿನ ಒತ್ತಡ ಕಡಿಮೆಯಾದಂತೆಲ್ಲ ಜನ ನಳವನ್ನು ನೆಲದೊಳಕ್ಕೆ ಇಳಿಸಿದ್ದರು. ಪಕ್ಕದವರು ಮೊಳ ತೋಡಿದರೆ ಇವರು ಒಂದೂವರೆ ಮೊಳ. ನಳಕ್ಕೆ ತಿರುಗಿಸಿ ಮುಚ್ಚುವ ಚಾವಿಯೂ ಇಲ್ಲ. ನೀರು ಬರುವ ಮುಂಚೆ ಬುಸ್ಸೆನ್ನುವ ಗಾಳಿಯ ಸದ್ದು ಕೇಳಬೇಕಲ್ಲ, ಅದಕ್ಕೆ ಬಾಯಿ ತೆರೆದೇ ಬಿಡುವುದು.

ಎಲ್ಲಕ್ಕಿಂತ ಆಳದ ಕುಣಿ ಮೇಲಿನ ಕೆಳಗಿನ ಓಣಿಗಳ ನಡುವಿದ್ದ ಮಠದ ಮುಂದಿತ್ತು. ಮೂರು ಮೆಟ್ಟಿಲು. ದರ್ಶನಕ್ಕೆ ಬಂದವರು ಅದರಲ್ಲಿ ಇಳಿದು ಕಾಲು ತೊಳೆದೇ ಒಳಗೆ ಹೋಗುವುದು ರೂಢಿ. ಅಲ್ಲಿ ಪಂಕಜಾಕ್ಷಿ ಸೀಸೆ ಹಿಡಿದಾಗ ಮಠದ ಕಾರಭಾರಿ ಬಾಳಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ.

“ತಾಯಾರ ಮಠದ ನೀರಿಗೇ ಪರೀಕ್ಷಾ? ತುಂಬಿಸ್ರಿ ಅಕ್ಕಾರ, ತುಂಬಿಸ್ರಿ. ನಿಮ್ಮ ಸೀಸೇನಾರ ಪವಿತ್ರ ಆಗಲಿ!”

ಸಾಲಿನಲ್ಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಪಂಕಜಾಕ್ಷಿಯೂ ನಕ್ಕು ಸೀಸೆಗೆ ಚೀಟಿ ಅಂಟಿಸಿದಳು.

ನಗು ನಿಂತಿದ್ದು ಕೆಳಗಿನ ಓಣಿಯಲ್ಲಿ, ಬಾಳಪ್ಪನ ಮನೆಯ ಮುಂದೆ. ಅವನ ಮಗಳು ಕಸ್ತೂರೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತುಂಬಿದ ಎಂಟು ತಿಂಗಳು. ಅವಳು ಕುಣಿಯಿಂದ ಆಗ ತಾನೇ ಎತ್ತಿದ ಕೊಡದಲ್ಲಿ ತಂಬಿಗೆ ಅದ್ದಿ ಗಟಗಟ ಕುಡಿಯುತ್ತಿದ್ದಳು.

“ಕುದಿಸಿ ಕುಡಿಯಮ್ಮ,” ಎಂದಳು ಪಂಕಜಾಕ್ಷಿ.

“ಯಾಕ್ರಿ? ಮಠದ ನಳದ ಕೆಳಗಿನ ನಳ ನಮ್ದು. ನಮಗೇನಾಗತೈತಿ?”

ಹಿಂದೊಮ್ಮೆ ವಿದರ್ಭದ ಒಂದು ಊರಿನಲ್ಲಿ ಪಂಕಜಾಕ್ಷಿ ಸೀಸೆಯ ಫಲಿತಾಂಶಕ್ಕೆ ಕಾಯುತ್ತ ಕೂತಿದ್ದಾಗ, ಇದೇ ಕಾಮಾಲೆ ಒಬ್ಬ ಬಸುರಿಯನ್ನು ನಾಲ್ಕೇ ದಿನದಲ್ಲಿ ಕೊಂಡೊಯ್ದಿತ್ತು. ಬಸುರಿಯರ ಮೇಲೆ ಆ ರೋಗಕ್ಕೆ ಕರುಣೆಯಿಲ್ಲ. ಆಮೇಲೆ ಬಂದ ಫಲಿತಾಂಶ ನೀರು ಹೊಲಸೆಂದು ಸರಿಯಾಗಿಯೇ ಹೇಳಿತ್ತು. ಸರಿಯಾಗಿದ್ದು ಯಾರಿಗೂ ಉಪಯೋಗವಾಗಲಿಲ್ಲ.

ಮರುದಿನ ಬೆಳಗಿಗೆ ಪ್ರವಾಸಿ ಮಂದಿರದ ಕಿಟಕಿಯಲ್ಲಿಟ್ಟ ಸೀಸೆಗಳು ಉತ್ತರ ಹೇಳಿದ್ದವು. ಹೊಲಸು ಸೇರಿದ ನೀರಾದರೆ ಆ ಸೀಸೆ ಕಪ್ಪಾಗುತ್ತದೆ, ಇಲ್ಲವಾದರೆ ಇದ್ದಂತೆಯೇ ಇರುತ್ತದೆ. ಟ್ಯಾಂಕಿನದು ಇದ್ದಂತೆಯೇ ಇತ್ತು. ಮೇಲಿನ ಓಣಿಯದೂ ಸರಿ. ಮಠದಿಂದ ಕೆಳಕ್ಕೆ ಒಂದೊಂದೂ ಕಾಡಿಗೆಯ ಡಬ್ಬಿಯಂತಾಗಿತ್ತು. ಮಠದ್ದೇ ಎಲ್ಲಕ್ಕಿಂತ ಕಪ್ಪು.

ಮಠದ ನೀರು ಹೊಲಸೆಂದು ಹೇಳಿ ಆ ಊರಿಂದ ನೆಟ್ಟಗೆ ಬಸ್ಸು ಹತ್ತುವುದು ಹೇಗೆ? ಅದೂ ಅಮಾವಾಸ್ಯೆಯ ಹಿಂದಿನ ದಿನ. ಮಾರನೆಯ ದಿನ ದಾಸೋಹಕ್ಕೆ ಸಾವಿರ ಜನ ಬಂದು ಆ ಕುಣಿಯಲ್ಲಿ ಕಾಲು ತೊಳೆಯುವವರಿದ್ದರು. ಕಲ್ಲೇಟು ಅವಳಿಗೆ ಹೊಸದೇನಲ್ಲ. ಆದರೆ ತಂಬಿಗೆ ಎತ್ತಿ ಕುಡಿಯುತ್ತಿದ್ದ ಆ ಹುಡುಗಿಯ ಗಂಟಲು ಕಣ್ಣ ಮುಂದಿನಿಂದ ಹೋಗಲೊಲ್ಲದು. ನೇರವಾಗಿ ಮಠದ ತಾಯಿಯವರಿಗೇ ಹೇಳಿಬಿಡುತ್ತೇನೆ ಎಂದು ಮಠದೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಹೆಂಗಸರ ನಡುವೆ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದವರು ನಿನ್ನೆಯ ಅಜ್ಜಿ. ಅವರ ಪಾದದ ಬಳಿ ಬಾಳಪ್ಪ ಅಡ್ಡಬಿದ್ದಿದ್ದ.

“ಕ್ಷಮಿಸಿ... ನಿನ್ನೆ ನಿಮ್ಮನ್ನ ಅಜ್ಜಿ ಅಂದುಬಿಟ್ಟೆ.”

“ಅಜ್ಜೀನ ಇದ್ದೀನಲ್ಲವಾ,” ಎಂದರು ತಾಯಿಯವರು. “ಬಾಕಿ ತೀರಿಸಾಕ ಬಂದೇನು?”

ಪಂಕಜಾಕ್ಷಿ ಕಪ್ಪು ಸೀಸೆಯನ್ನು ಅವರ ಮುಂದಿಟ್ಟಳು. ಆಮೇಲೆ ಎಲ್ಲವನ್ನೂ ಹೇಳಿದಳು. ನೀರು ಬಿಡುವುದು ನಿಂತ ಮೇಲೂ ಇಳಿಜಾರಿನ ಮನೆಗಳ ತೆರೆದ ನಳಗಳು ಪೈಪಿನಲ್ಲುಳಿದ ನೀರನ್ನು ಎಳೆಯುತ್ತಲೇ ಇರುತ್ತವೆ. ಆ ಎಳೆತಕ್ಕೆ, ಕುಣಿಯಲ್ಲಿ ಮುಳುಗಿದ ಮಠದ ನಳ ಕಾಲು ತೊಳೆದ ನೀರನ್ನು ಹಿಮ್ಮುಖವಾಗಿ ಹೀರಿಕೊಳ್ಳುತ್ತದೆ. ಮರುದಿನ ಕೆಳಗಿನ ಓಣಿಯ ಕೊಡಗಳಿಗೆ ಮೊದಲು ಬೀಳುವುದು ಅದೇ.

ಬಾಳಪ್ಪ ಹಾವು ತುಳಿದವನಂತೆ ಎದ್ದ. “ಮಠದ ನೀರು ಹೊಲಸು ಅಂತೀರೇನ್ರಿ? ಆ ಕುಣಿ ತೋಡಿದಾಂವ ನಾನು! ತಾಯಾರಿಗೆ ನೀರಿನ ತ್ರಾಸ ಆಗಬಾರದಂತ ಹನ್ನೆರಡು ವರ್ಷದ ಹಿಂದ, ಈ ಕೈಲೆ!”

ತಾಯಿಯವರು ಬೇಳೆಯ ಮೊರವನ್ನು ಪಕ್ಕಕ್ಕಿಟ್ಟರು.

“ಬಾಯಿಲೆ ಹೇಳಿದ್ರ ಇವರು ನಂಬಂಗಿಲ್ಲ. ಕಣ್ಣಿಗೆ ತೋರಸಾಕ ಬರತೈತೇನು?”

“ಬರುತ್ತೆ ತಾಯಿ. ಕುಣಿಯ ನೀರಿಗೆ ಏನಾದ್ರೂ ಬಣ್ಣ ಹಾಕಬೇಕು.”

ತಾಯಿಯವರು ಎದ್ದು ದೇವರ ಮುಂದಿದ್ದ ಭಂಡಾರದ ಬಟ್ಟಲನ್ನೇ ಎತ್ತಿಕೊಂಡು ಬಂದರು. ಪೂಜೆಯ ಅರಿಶಿನ, ಭಕ್ತರ ಹಣೆಗೆ ಚಿಟಿಕೆ ಸಿಕ್ಕರೆ ಪುಣ್ಯವೆನ್ನುವಂಥದ್ದು. ಏಳೂವರೆಗೆ ನೀರು ನಿಂತಿತು. ಬಟ್ಟಲು ಪೂರ್ತಿ ಕುಣಿಗೆ ಬಿತ್ತು. ಕೆಸರುನೀರು ಹಳದಿಯಾಯಿತು. ಕೊಂಚ ಹೊತ್ತಿಗೆ ತಳದಿಂದ ಗುಳುಗುಳು ಸದ್ದು ಎದ್ದಿತು, ನೀರು ಇಳಿಯತೊಡಗಿತು.

“ನೆಲ ಕುಡೀತು,” ಎಂದ ಬಾಳಪ್ಪ. ದನಿಯಲ್ಲಿ ನಿನ್ನೆಯ ಜೋರಿರಲಿಲ್ಲ.

ತಾಯಿಯವರು ಅವತ್ತೇ ಒಂದು ಅಪ್ಪಣೆ ಸಾರಿಸಿದರು: ಅಮಾವಾಸ್ಯೆ ಮುಗಿಯುವವರೆಗೆ ಊರಲ್ಲಿ ಯಾರೂ ಕುದಿಸದ ನೀರು ಬಾಯಿಗೆ ಹಾಕಬಾರದು, ದಾಸೋಹಕ್ಕೂ ಕುದಿಸಿದ ನೀರೇ. ಸಂಜೆಗೆ ಕೆಳಗಿನ ಓಣಿಯ ಒಲೆಗಳೆಲ್ಲ ಹೊಗೆಯಾಡುತ್ತಿದ್ದವು. ಹತ್ತೊಂಬತ್ತು ವರ್ಷ ಕರಪತ್ರ ಹಂಚಿದ ಪಂಕಜಾಕ್ಷಿ ಆ ಹೊಗೆಯನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡಿದಳು.

ಅಮಾವಾಸ್ಯೆಯ ಬೆಳಿಗ್ಗೆ ಆರೂವರೆಗೆ ನಳಗಳು ಬುಸ್ಸೆಂದವು. ಮರುಗಳಿಗೆಯಲ್ಲಿ ಕೆಳಗಿನ ಓಣಿಯಿಂದ ಒಂದು ಕೂಗು ಎದ್ದಿತು.

“ಭಂಡಾರ! ನಳದಾಗ ಭಂಡಾರ ಬಂತವ್ವೋ!”

ಕೊಡಗಳಿಗೆ ಹಳದಿ ನೀರು ಬೀಳುತ್ತಿತ್ತು. ಯಾರೋ ತೆಂಗಿನಕಾಯಿ ಒಡೆದರು. ಯಾರೋ ನಳಕ್ಕೇ ಆರತಿ ಎತ್ತಿದರು. ತಾಯಾರು ಪವಾಡ ಮಾಡ್ಯಾರ, ಕಾಮಾಲಿಗೆ ಔಷಧ ಕಳಿಸ್ಯಾರ ಎಂದು ಹಲಗೆ ಬಾರಿಸಿದರು. ಕುದಿಸುವ ಅಪ್ಪಣೆ ಆ ಸಂಭ್ರಮದಲ್ಲಿ ತೇಲಿಹೋಯಿತು. ಪವಾಡವನ್ನು ಯಾರು ಕುದಿಸುತ್ತಾರೆ? ಮೇಲಿನಿಂದ ಓಡಿಬಂದ ಪಂಕಜಾಕ್ಷಿ ಗುಂಪಿನ ಹೊರಗೇ ಸಿಕ್ಕಿಬಿದ್ದಳು. ತಲೆಗಳ ನಡುವಿನಿಂದ ಅವಳಿಗೆ ಕಂಡಿದ್ದು ಕಸ್ತೂರೆವ್ವ. ಕಣ್ಣು ಮುಚ್ಚಿ, ಹಳದಿ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಣೆಗೆ ಮುಟ್ಟಿಸಿ ತುಟಿಗೆ ತರುತ್ತಿದ್ದಳು.

“ಬೇಡ!” ಎಂದು ಕೂಗಿದಳು ಪಂಕಜಾಕ್ಷಿ. ಹಲಗೆಯ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ.

ತಂಬಿಗೆ ಹಾರಿ ಕಲ್ಲಿನ ಮೇಲೆ ಬಿದ್ದು ಠಣ್ಣೆಂದಿತು. ಹೊಡೆದು ಬೀಳಿಸಿದವನು ಬಾಳಪ್ಪ. ಆ ಭಂಡಾರ ಎಲ್ಲಿಂದ ಇಳಿದು ಬಂದಿತೆಂದು ಹಿಂದಿನ ದಿನ ಕುಣಿಯ ಬಳಿ ನಿಂತು ನೋಡಿದ್ದ ಅವನಿಗೆ ಗೊತ್ತಿತ್ತು.

“ತೀರ್ಥ ಚೆಲ್ಲಿದ್ಯೋ ಪಾಪಿ!” ಎಂದು ಜನ ಅವನ ಮೇಲೆ ಏರಿಹೋದರು. ಆಗ ಹಿಂದಿನಿಂದ ದಾರಿ ತಾನಾಗಿ ಬಿಟ್ಟುಕೊಂಡಿತು. ಬರಿಗಾಲಿನಲ್ಲಿ ತಾಯಿಯವರು ಬಂದು ಬಾಳಪ್ಪನ ಪಕ್ಕದಲ್ಲಿ ನಿಂತರು.

“ಇದು ಪವಾಡ ಅಲ್ಲ. ನಿನ್ನಿ ನಾನು ಕಾಲು ತೊಳಿಯೋ ಕುಣ್ಯಾಗ ಹಾಕಿದ ಭಂಡಾರ ಇದು. ಭಂಡಾರ ಬಂತಂದ್ರ, ಕಾಲು ತೊಳದ ನೀರೂ ಬಂತು. ದಿನಾ ಬರ್ತಿತ್ತು. ಇವತ್ತು ಕಂಡೈತಿ, ಅಷ್ಟ.”

ಹಲಗೆ ನಿಂತಿತು. ಯಾರೋ ಮುದುಕ ಮೆಲ್ಲಗೆ ಅಂದ, “ನಿಮ್ಮ ಮಠದ್ದಲ್ಲೇನ್ರಿ ತಾಯಿ, ಪಾದ ತೊಳದದ್ದಾದ್ರೂ ತೀರ್ಥಾನ ಅಲ್ಲೇನು?”

“ನನ್ನ ಮಠಕ್ಕ ಬಂದವರ ಕಾಲಿನ ಹೊಲಸು ಈ ಕೂಸಿನ ಹೊಟ್ಟಿಗೆ ಹೋಗೂದಾದ್ರ, ನನಗ ಮಠಾನ ಬ್ಯಾಡ.”

ಅಷ್ಟೇ. ಓಣಿ ಹತ್ತಿ ಹೋಗಿ, ಎಂಬತ್ತರ ಹತ್ತಿರದ ಆ ಜೀವ ಬುಟ್ಟಿಯಲ್ಲಿ ಮಣ್ಣು ತುಂಬಿ ತಂದು ಕುಣಿಗೆ ಸುರಿಯಿತು. “ಮೊದಲ ತೋಡಿದವರು ನಾವು. ಮೊದಲ ಮುಚ್ಚೋರೂ ನಾವ.” ಎರಡನೆಯ ಬುಟ್ಟಿ ಬಾಳಪ್ಪನದು. ಅದರಲ್ಲಿ ಮಣ್ಣಿಗಿಂತ ಕಣ್ಣೀರೇ ಹೆಚ್ಚಿತ್ತೆಂದು ಕಂಡವರು ಈಗಲೂ ಹೇಳುತ್ತಾರೆ. ಮೂರನೆಯ ಬುಟ್ಟಿ ಯಾರದೆಂದು ಯಾರಿಗೂ ನೆನಪಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಊರೇ ಬುಟ್ಟಿ ಹಿಡಿದಿತ್ತು.

ದಾಸೋಹಕ್ಕೆ ಬಂದ ಸಾವಿರ ಜನ ಊಟಕ್ಕೆ ಮುಂಚೆ ಮಣ್ಣು ಹೊತ್ತರು. ಹೊತ್ತು ಮುಳುಗುವುದರೊಳಗೆ ನಲವತ್ತೆರಡು ಕುಣಿಗಳು ಮುಚ್ಚಿದವು, ನಲವತ್ತೆರಡು ನಳಗಳು ಸೊಂಟದೆತ್ತರಕ್ಕೆ ಎದ್ದು ಚಾವಿ ಹಾಕಿಸಿಕೊಂಡು ನಿಂತವು. ಸೀಳಿದ್ದ ಪೈಪುಗಳನ್ನು ಬದಲಿಸಿದ್ದಾಯಿತು. ಒಂದು ಭಯ ಮಾತ್ರ ಎಲ್ಲರ ಎದೆಯಲ್ಲೂ ಉಳಿದಿತ್ತು: ಅಷ್ಟು ಎತ್ತರಕ್ಕೆ ನೀರು ಏರೀತೇ?

ಮರುದಿನ ಆರೂವರೆಗೆ ಊರು ಉಸಿರು ಹಿಡಿದು ನಿಂತಿತ್ತು. ನಳಗಳು ಬುಸ್ಸೆಂದವು, ಕೆಮ್ಮಿದವು, ಸುಮ್ಮನಾದವು. “ಹೋತು,” ಎಂದರು ಯಾರೋ. ಅಷ್ಟರಲ್ಲಿ ಮೇಲಿನ ಓಣಿಯಲ್ಲಿ ಒಂದು ಕೊಡ ಸದ್ದು ಮಾಡಿತು. ಮಠದ ಮುಂದೆ ಇನ್ನೊಂದು. ಆಮೇಲೆ ಕೆಳಗಿನ ಓಣಿಯ ಕಟ್ಟಕಡೆಯ ಮನೆಯ ನಳದಲ್ಲಿ ಕಿರುಬೆರಳ ಗಾತ್ರದ ಧಾರೆ, ಕಣ್ಣಿನಂಥ ತಿಳಿನೀರು. ಇಷ್ಟು ವರ್ಷ ಒಬ್ಬರಿಗಿಂತ ಒಬ್ಬರು ಆಳಕ್ಕೆ ತೋಡಿ ನೀರನ್ನು ಕೆಳಗೆಳೆದಿದ್ದರು. ಎಲ್ಲರೂ ಒಟ್ಟಿಗೆ ಮೇಲೆ ಬಂದಾಗ ನೀರೂ ಜೊತೆಗೆ ಮೇಲೆ ಬಂತು. ಅವತ್ತು ಹಲಗೆ ಬಾರಿಸಿದ್ದಕ್ಕೆ ತಾಯಿಯವರು ಬೇಡವೆನ್ನಲಿಲ್ಲ.

ಎರಡು ತಿಂಗಳ ಮೇಲೆ ಪಂಕಜಾಕ್ಷಿ ಮತ್ತೆ ಸೋಗಿಹಾಳದಲ್ಲಿಳಿದಳು. ಈ ಸಲ ಯಾರನ್ನೂ ದಾರಿ ಕೇಳಲಿಲ್ಲ. ಬಂದ ದಿನ ತುಂಬಿಟ್ಟ ಎಂಟೂ ಸೀಸೆಗಳು ಮರುದಿನ ನೀರು ಬಿಡುವ ಹೊತ್ತಿಗೂ ಬಣ್ಣ ಬದಲಿಸಿರಲಿಲ್ಲ. ಅಮಾವಾಸ್ಯೆಯ ನಂತರದ ಮೊದಲ ತಿಂಗಳಲ್ಲಿ ಬಂದ ಐದು ಕಾಮಾಲೆ ಮುಂಚೆ ಕುಡಿದ ಹಳೆಯ ನೀರಿನವು, ಈ ರೋಗ ಕಾಣಿಸಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಆಮೇಲೆ ಒಂದೂ ಇಲ್ಲ. ಸೀಸೆ ನಿಜ ಹೇಳುತ್ತದೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಈಗಲೂ ನಂಬುತ್ತಾಳೆ. ಆದರೆ ಆ ನಿಜವನ್ನು ಹಿಡಿದು ತನ್ನ ಅಂಗಳದ ಕುಣಿಗೇ ಮೊದಲ ಬುಟ್ಟಿ ಮಣ್ಣು ಸುರಿಯುವ ಒಂದು ಜೀವ ಊರಿಗೆ ಬೇಕೆಂದು ಅವಳಿಗೆ ಇಲ್ಲಿ ತಿಳಿದಿತ್ತು.

ಮಠದ ಹೊಸ್ತಿಲಲ್ಲಿ ಬಾಳಪ್ಪ ಹದಿನೆಂಟು ದಿನದ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. “ಅಕ್ಕಾರ, ನಿಮ್ಮ ಸೀಸಿ ಪವಿತ್ರ ಆದ್ವೇನು?” ಎಂದು ತಾನೇ ಕೇಳಿ ತಾನೇ ನಾಚಿಕೊಂಡ. ಒಳಗೆ ಕಸ್ತೂರೆವ್ವ ಬಾಣಂತಿಯ ಸ್ಕಾರ್ಫ್ ಕಟ್ಟಿಕೊಂಡು ಕಿಸಕ್ಕನೆ ನಕ್ಕಳು.

ತಾಯಿಯವರು ಹೊರಗೆ ಬಂದರು. ಒಂದು ಅಂಗೈಯಲ್ಲಿ ಬೆಲ್ಲ.

“ಬೆಲ್ಲ ಆವತ್ತೇ ತಿಂದಿದ್ದೀನಿ ತಾಯಿ,” ಎಂದಳು ಪಂಕಜಾಕ್ಷಿ. “ಇವತ್ತು ನೀರಷ್ಟೇ.”

ಅವರ ಇನ್ನೊಂದು ಕೈಯಲ್ಲಿದ್ದ ಖಾಲಿ ತಂಬಿಗೆ ತೆಗೆದುಕೊಂಡು ಅವಳೇ ಹೋಗಿ ಸೊಂಟದೆತ್ತರದ ಆ ನಳದ ಚಾವಿ ತಿರುಗಿಸಿದಳು. ತಂಬಿಗೆ ಕಂಠದವರೆಗೂ ತುಂಬಿತು. ನಿಂತಲ್ಲೇ, ಸೆರಗು ನೆನೆಯುವಂತೆ, ಉಸಿರು ಬಿಡದೆ ಪೂರ್ತಿ ಕುಡಿದಳು. ಆಮೇಲೆ ತಾಯಿಯವರ ಪಾದದ ಬಳಿ ಬಂದು ತಂಬಿಗೆಯನ್ನು ಬೋರಲು ಹಿಡಿದು ತೋರಿಸಿದಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.