ಬಾಲ್ಕನಿ ಸಂಡಿಗೆ

ಪಂಕಜಾ, ಮೊದ್ಲು ಆಣೆ ಮಾಡು. ನಿನ್ ಗಂಡನ ಕಿವಿಗೂ ಬೀಳ್ಬಾರ್ದು. ಹೂಂ ಅನ್ನು, ಆಮೇಲೆ ಹೇಳ್ತೀನಿ.

ನಮ್ಮ ಪಕ್ಕದ್ಮನೆ ಚೆನ್ನಬಸವಯ್ಯ ಮೇಷ್ಟ್ರು ಇಲ್ವಾ, ಕಾಲೇಜಲ್ಲಿ ಪೇಪರ್‌ಗೆ ಬರಿಯೋದು ಹೇಳ್ಕೊಡ್ತಿದ್ರಲ್ಲ, ಅವ್ರ ಹತ್ರ ಓದ್ತಿದ್ದ ಹುಡುಗಿ ಇಂಚರ. ಕೆಲ್ಸ ಕಲಿಯಕ್ಕೆ ಅಂತ ಗಲ್ಫಿನ ಯಾವ್ದೋ ಪತ್ರಿಕೆಗೆ ಹೋಗಿದ್ಲು. ದೇಶದ ಹೆಸ್ರು ನನ್ ಬಾಯಿಗೆ ಬರಲ್ಲ.

ಬೆಳಿಗ್ಗೆ ಬಂದು ಮೇಷ್ಟ್ರ ಜಗಲಿ ಮೇಲೆ ಕೂತ್ಲು. ನಾನು ಗೋಡೆ ಪಕ್ಕ ಕರಿಬೇವು ಕೀಳ್ತಿದ್ದೆ. ಕಿವಿಗೆ ಬಿತ್ತು, ಏನ್ಮಾಡ್ಲಿ.

"ಸಾರ್, ಅಲ್ಲೇ ಕೆಲ್ಸ ಕೊಡ್ತಾರಂತೆ."

"ಮತ್ತೆ ಮುಖ ಯಾಕೆ ಹಂಗಿದೆ?"

ಹುಡುಗಿ ಪತ್ರಿಕೆ ತೆಗೆದು ಕೊಟ್ಲು. ಅದ್ರಲ್ಲಿ ಇವ್ಳು ಒಬ್ಬ ಹೆಂಗಸಿನ ವಿಷ್ಯ ಬರ್ದಿದ್ಲು. ನರಸಮ್ಮ ಅಂತ, ಗೌರಿಬಿದನೂರೋಳು, ಅಲ್ಲಿ ಮನೆಗೆಲ್ಸಕ್ಕಿದ್ಲು. ಮನೆಯೋರು ಪಾಸ್‌ಪೋರ್ಟ್ ಕಿತ್ತಿಟ್ಕೊಂಡವ್ರೆ, ಊರಿಗೆ ಬಿಡಲ್ಲ ಅಂತ ಇವ್ಳ ಮುಂದೆ ಅತ್ತಿದ್ಲಂತೆ.

ಮೇಷ್ಟ್ರು ಪೂರ್ತಿ ಓದಿದ್ರು.

"ಬರಿ ಅಂದ್ಲಾ ಆಯಮ್ಮ?"

"ಯಾರ್ಗೂ ಹೇಳ್ಬೇಡ ಮಗಳೇ ಅಂದ್ರು ಸಾರ್."

"ಮತ್ತೆ?"

"ನಮ್ ಕಡೆ ಎಲ್ರೂ ಹಂಗೇ ಅಂತಾರಲ್ಲ ಸಾರ್. ನಿಮ್ಮ ಪಕ್ಕದ್ಮನೆ ಆಂಟಿ ಯಾರ್ಗೂ ಹೇಳ್ಬೇಡ ಅಂತಾನೇ ಊರಿಗೆಲ್ಲ ಹೇಳಲ್ವಾ? ಸುಮ್ನೆ ಬಾಯಿ ಮಾತಿಗೆ ಅನ್ಕೊಂಡೆ."

ನೋಡೇ ಕೊಬ್ಬು! ನಾನು ಯಾರಿಗೇ ಹೇಳಿದೀನಿ?

"ಹೆಸ್ರು ಹಾಕಿಲ್ಲ ಸಾರ್. ಬೀದಿನೂ ಹಾಕಿಲ್ಲ."

"ಸಂಡಿಗೆ ಹಾಕಿದೀಯ."

ಹೂಂ ಕಣೇ. ಬಾಲ್ಕನಿಲಿ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸ್ತಾಳೆ ಅಂತ ಬರ್ದಿದ್ಲು. ಆ ಬೀದಿಲಿ ಇನ್ಯಾರು ಸಂಡಿಗೆ ಇಡ್ತಾರೆ ಹೇಳು? ಮನೆ ಯಜಮಾನಿ ಓದಿದ್ಲು, ತಿಳ್ಕೊಂಡ್ಲು. ಮಾರನೇ ದಿನ ಇವ್ಳು ಹೋಗಿ ನೋಡಿದ್ರೆ ನರಸಮ್ಮ ಇಲ್ಲ. ಬೇರೆ ಮನೆಗೆ ಸಾಗಿಸಿದ್ರೋ, ಇನ್ನೆಲ್ಲಿಗೋ. ಫೋನ್ ಸ್ವಿಚ್ ಆಫ್. ಕಂಡಕಂಡ ಆಫೀಸೆಲ್ಲ ಅಲ್ದಿದಾಳೆ ಪಾಪ, ಯಾರೂ ಬಾಯಿ ಬಿಡಲಿಲ್ವಂತೆ.

"ಸಣ್ಣ ಸಣ್ಣದು ಗಮನಿಸಿ ಬರೆದ್ರೆ ಬರಹಕ್ಕೆ ಜೀವ ಬರುತ್ತೆ ಅಂತ ನೀವೇ ಹೇಳ್ಕೊಟ್ಟಿದ್ರಿ ಸಾರ್."

ಮೇಷ್ಟ್ರು ಕನ್ನಡಕ ತೆಗೆದ್ರು.

"ಬರಹಕ್ಕೇನೋ ಬಂತು."

ಹುಡುಗಿ ಅಳಕ್ಕೆ ಶುರು ಮಾಡಿದ್ಲು. ಮೇಷ್ಟ್ರು ಸಮಾಧಾನ ಮಾಡಲಿಲ್ಲ, ಒಂದು ಲೋಟ ನೀರೂ ಕೊಡಲಿಲ್ಲ.

"ನಾನಿನ್ನು ಬರೀಬೋದಾ ಸಾರ್?"

ಅಷ್ಟರಲ್ಲಿ ಅವ್ಳ ಫೋನ್ ಬಡ್ಕೊಳ್ತು. ನರಸಮ್ಮನ ಮಗಳಂತೆ, ಗೌರಿಬಿದನೂರಿಂದ. ದಿನಾ ಮಾಡ್ತಾಳಂತೆ, ನಮ್ಮಮ್ಮ ಎಲ್ಲಿ ಅಂತ. ಇವ್ಳು ಫೋನ್ ಬೋರಲು ಹಾಕ್ಬಿಟ್ಲು.

ಮೇಷ್ಟ್ರು ಅದನ್ನ ಎತ್ತಿ ಅವ್ಳ ಕೈಗಿಟ್ರು.

"ಏನಂತ ಹೇಳ್ಲಿ ಸಾರ್?"

"ಗೊತ್ತಿಲ್ಲ ಅನ್ನು."

"ನಾಳೆ ಮತ್ತೆ ಮಾಡ್ತಾಳೆ."

"ನಾಳೆನೂ ಎತ್ತು."

"ಎಲ್ಲಿವರ್ಗೂ ಸಾರ್?"

"ಅವ್ಳು ಕೇಳೋದು ನಿಲ್ಸೋವರ್ಗೂ. ಆಮೇಲೆ ನೀನೇ ಮಾಡು."

ಶ್... ಬಾಗ್ಲು ತಟ್ತಿದಾರೆ. ಯಾರೇ ಅದು? ಬಂದೆ, ಬಂದೆ! ಪಂಕಜಾ, ಕಣ್ಣೊರ್ಸ್ಕೊ, ಬೇರೆ ಏನಾದ್ರೂ ಮಾತಾಡು—